5 ವರ್ಷವೋ, 99 ವರ್ಷವೋ: ಜ್ಯೂರಿ ಸಮನ್ಸ್ ಬಂದಿರುವ ಟೆಕ್ಸಾಸ್ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಫ್ರಿಸ್ಕೊ, ಪ್ಲೇನೊ, ಅರ್ವಿಂಗ್, ಕೇಟಿ, ಶುಗರ್‌ಲ್ಯಾಂಡ್, ರೌಂಡ್‌ರಾಕ್. ನಮ್ಮವರು ಮನೆ ಮಾಡಿಕೊಂಡಿರುವ ಈ ಊರುಗಳಿಗೆಲ್ಲ ಇವತ್ತಲ್ಲ ನಾಳೆ ಕೌಂಟಿಯಿಂದ ಆ ಕಾಗದ ಬಂದೇ ಬರುತ್ತದೆ: ಜ್ಯೂರಿ ಸಮನ್ಸ್, ಅಂದರೆ ಕೋರ್ಟಿನಲ್ಲಿ ಕೇಸು ಕೇಳಿ ತೀರ್ಮಾನ ಹೇಳುವ ಜನಸಾಮಾನ್ಯರ ಗುಂಪಿಗೆ ಕರೆ. ಬಂದ ಕೂಡಲೇ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಏಳುವ ಪ್ರಶ್ನೆ ಒಂದೇ, ‘ತಪ್ಪಿಸಿಕೊಳ್ಳೋದು ಹೇಗೆ?’ ನಾವು ಬರೆಯುತ್ತಿರುವುದು ತಪ್ಪಿಸಿಕೊಳ್ಳದೆ ಹೋಗಿ ಕೂರುವವರಿಗೆ.

ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ, ಮರಣದಂಡನೆಯ ಪ್ರಕರಣ ಬಿಟ್ಟರೆ, ‘ತಪ್ಪಿತಸ್ಥ’ ಅಥವಾ ‘ಅಲ್ಲ’ ಎಂದು ಹೇಳಿದಲ್ಲಿಗೆ ಜ್ಯೂರಿಯ ಕೆಲಸ ಮುಗಿಯಿತು. ಶಿಕ್ಷೆ ಎಷ್ಟು ಎನ್ನುವುದು ಜಡ್ಜ್‌ಗೆ ಬಿಟ್ಟದ್ದು. ಟೆಕ್ಸಾಸ್ ಹಾಗಲ್ಲ. ಇಲ್ಲಿ ಆರೋಪಿ ಬಯಸಿದರೆ, ಜ್ಯೂರಿ ಆಯ್ಕೆ ಶುರುವಾಗುವ ಮುಂಚೆಯೇ ಬರೆದುಕೊಟ್ಟು, ತನ್ನ ಶಿಕ್ಷೆಯನ್ನೂ ಜ್ಯೂರಿಯೇ ನಿಗದಿ ಮಾಡಲಿ ಎಂದು ಕೇಳಬಹುದು. ಮಿಸೌರಿ, ಕೆಂಟಕಿ, ಅರ್ಕನ್ಸಾ, ಒಕ್ಲಹೋಮಗಳಲ್ಲೂ ಜ್ಯೂರಿ ಶಿಕ್ಷೆಯ ಪದ್ಧತಿ ಉಂಟು. ವರ್ಜೀನಿಯ 2021ರ ಜುಲೈನಿಂದ ಅದನ್ನು ಸಡಿಲಿಸಿತು. ಅಲ್ಲೀಗ ಆರೋಪಿ ಕೇಳಿಕೊಳ್ಳದಿದ್ದರೆ ಶಿಕ್ಷೆ ಜಡ್ಜ್‌ದೇ. ಬಹುಪಾಲು ಕೇಸುಗಳು ತಪ್ಪೊಪ್ಪಿಗೆಯ ರಾಜಿಯಲ್ಲೇ ಮುಗಿಯುವುದರಿಂದ ಜ್ಯೂರಿಯ ಮುಂದೆ ಬರುವುದು ಕೆಲವೇ. ಆದರೆ ಬಂದದ್ದರಲ್ಲಿ ನೀವು ಕೂತಿದ್ದರೆ ಒಬ್ಬ ಮನುಷ್ಯ ಎಷ್ಟು ವರ್ಷ ಒಳಗಿರಬೇಕು ಎಂಬ ಸಂಖ್ಯೆಗೆ ನಿಮ್ಮ ಒಪ್ಪಿಗೆಯೂ ಬೇಕು. ಒಪ್ಪಿಗೆ ಎಂದರೆ ಬಹುಮತವಲ್ಲ. ಫೆಲನಿ, ಅಂದರೆ ಗಂಭೀರ ಅಪರಾಧದ, ಕೇಸಿನಲ್ಲಿ 12ಕ್ಕೆ 12 ಜನವೂ ಒಂದೇ ಸಂಖ್ಯೆಗೆ ಬರಬೇಕು.

ಆ ಸಂಖ್ಯೆಗೆ ಕಾನೂನು ಕೊಟ್ಟಿರುವ ಮೈದಾನದ ಅಗಲ ನೋಡಿ. ಫೆಲನಿಗಳಿಗೆ ದರ್ಜೆಗಳಿವೆ, ಥರ್ಡ್‌ಗಿಂತ ಫಸ್ಟ್ ಗಂಭೀರ. ಥರ್ಡ್ ಡಿಗ್ರಿ ಫೆಲನಿಗೆ 2ರಿಂದ 10 ವರ್ಷ. ಸೆಕೆಂಡ್ ಡಿಗ್ರಿಗೆ 2ರಿಂದ 20. ಫಸ್ಟ್ ಡಿಗ್ರಿಗೆ 5ರಿಂದ 99 ವರ್ಷ, ಇಲ್ಲವೇ ಜೀವಾವಧಿ. ಜೊತೆಗೆ 10,000 ಡಾಲರ್‌ವರೆಗೆ ದಂಡ. ಆಯುಧ ತೋರಿಸಿ ದರೋಡೆ ಮಾಡುವುದು ಫಸ್ಟ್ ಡಿಗ್ರಿ. ಅದಕ್ಕೆ 8 ವರ್ಷ ಕೊಟ್ಟರೂ ಕಾನೂನುಬದ್ಧ, 80 ಕೊಟ್ಟರೂ ಕಾನೂನುಬದ್ಧ. ಇಂಥ ಅಪರಾಧಕ್ಕೆ ಸಾಮಾನ್ಯವಾಗಿ ಎಷ್ಟು ಕೊಡುತ್ತಾರೆ ಎಂಬ ಪಟ್ಟಿಯನ್ನು ಯಾರೂ ನಿಮ್ಮ ಕೈಗೆ ಕೊಡುವುದಿಲ್ಲ. ಇಷ್ಟು ದೊಡ್ಡ ಖಾಲಿ ಜಾಗದಲ್ಲಿ ಆರೋಪಿಯ ಮುಖ, ಮೈಬಣ್ಣ, ಬಟ್ಟೆ, ಮಾತಿನ ಧಾಟಿ, ಮನೆತನ ಎಲ್ಲವೂ ಸದ್ದಿಲ್ಲದೆ ಬಂದು ಕೂರುತ್ತವೆ. ಆ ಜಾಗವನ್ನು ಸಾಕ್ಷ್ಯದಿಂದ ತುಂಬುವುದು ಹೇಗೆ ಎಂಬುದಷ್ಟೇ ಈ ಪತ್ರದ ವಿಷಯ.

ಮುಖ ನೋಡಿ ಮಣೆ ಹಾಕುವುದು ಜನರ ಸ್ವಭಾವ, ಅದರಲ್ಲೇನು ಹೊಸದು ಅನ್ನಬಹುದು. ಹೊಸದಲ್ಲ. ಆದರೆ ಎಷ್ಟು ಮತ್ತು ಎಲ್ಲಿ ಎಂದು ಅಳೆದು ನೋಡಿದವರಿದ್ದಾರೆ. 1975ರಲ್ಲಿ ಸಿಗಾಲ್ ಮತ್ತು ಆಸ್ಟ್ರೋವ್ ಎಂಬ ಸಂಶೋಧಕರು 120 ಜನರಿಗೆ ಕೇಸಿನ ವಿವರ ಓದಿಸಿ ಒಬ್ಬ ಹೆಂಗಸಿಗೆ ಶಿಕ್ಷೆ ಬರೆಯಲು ಹೇಳಿದರು. ಮನೆಗಳ್ಳತನದ ಕೇಸಿನಲ್ಲಿ ಫೋಟೋದಲ್ಲಿದ್ದವಳು ಚೆಲುವೆಯಾದರೆ ಸರಾಸರಿ 2.8 ವರ್ಷ, ಅಲ್ಲದಿದ್ದರೆ 5.2 ವರ್ಷ. ಅದೇ ಚೆಲುವೆ ಒಬ್ಬ ಗಂಡಸನ್ನು ಮರುಳು ಮಾಡಿ ಹಣ ಲಪಟಾಯಿಸಿದಳು ಎಂದು ಕಥೆ ಬದಲಿಸಿದಾಗ ಲೆಕ್ಕ ತಿರುಗಿಬಿತ್ತು: ಚೆಲುವೆಗೆ 5.45 ವರ್ಷ, ಇನ್ನೊಬ್ಬಳಿಗೆ 4.35. ರೂಪವನ್ನೇ ಆಯುಧ ಮಾಡಿಕೊಂಡಳು ಅನಿಸಿದಾಗ ಜನ ಮೃದುವಾಗಲಿಲ್ಲ. ಅಂದರೆ ಈ ಒಲವು ಯಾವಾಗಲೂ ಒಂದೇ ದಿಕ್ಕಿಗೆ ವಾಲುವುದಿಲ್ಲ. ‘ನಾನು ಚೆಂದಕ್ಕೆ ಮರುಳಾಗುವವನಲ್ಲ’ ಎಂದುಕೊಂಡವರು ಬೇರೆ ಬಾಗಿಲಿಂದ ಅದೇ ಕೋಣೆಗೆ ಹೋಗಿರುತ್ತಾರೆ.

ಇದು ಪ್ರಯೋಗಾಲಯದ ಆಟ ಎನ್ನುವವರಿಗೆ ಕೋರ್ಟಿನೊಳಗಿನ ಲೆಕ್ಕವೂ ಇದೆ. 1980ರಲ್ಲಿ ಪ್ರಕಟವಾದ ಸ್ಟುವರ್ಟ್ ಅವರ ಅಧ್ಯಯನದಲ್ಲಿ ವೀಕ್ಷಕರು ಪೆನ್ಸಿಲ್ವೇನಿಯದ ನಿಜವಾದ ವಿಚಾರಣೆಗಳಲ್ಲಿ ಕೂತು 74 ಆರೋಪಿಗಳ ರೂಪಕ್ಕೆ ಅಂಕ ಕೊಟ್ಟರು. ತಪ್ಪಿತಸ್ಥರೋ ಅಲ್ಲವೋ ಎಂಬ ತೀರ್ಮಾನಕ್ಕೂ ರೂಪಕ್ಕೂ ನಂಟು ಕಾಣಲಿಲ್ಲ. ಶಿಕ್ಷೆಯ ಪ್ರಮಾಣಕ್ಕೆ ನಂಟಿತ್ತು. ನಮ್ಮ ಟೆಕ್ಸಾಸ್‌ನಲ್ಲೇ 1991ರಲ್ಲಿ ಡೌನ್ಸ್ ಮತ್ತು ಲಯನ್ಸ್ ನೋಡಿದ್ದು ಚಿಕ್ಕ ಅಪರಾಧಗಳಿಗೆ ಜಡ್ಜ್‌ಗಳು ಹಾಕುವ ದಂಡ ಮತ್ತು ಜಾಮೀನಿನ ಮೊತ್ತವನ್ನು. ರೂಪ ಕಡಿಮೆಯಾದಷ್ಟೂ ಮೊತ್ತ ಹೆಚ್ಚು. ದೊಡ್ಡ ಅಪರಾಧಗಳಲ್ಲಿ ಆ ನಂಟು ಇರಲಿಲ್ಲ. ಓದಿ ಕರಿ ಗೌನು ತೊಟ್ಟವರಿಗೂ ಇದರಿಂದ ಬಿಡುಗಡೆ ಇಲ್ಲ ಎಂಬುದನ್ನು ಗಮನಿಸಿ.

ಬಣ್ಣದ ಮಾತು ಇನ್ನೂ ಕಹಿ. ಫ್ಲಾರಿಡದ ಕೈದಿಗಳ ದಾಖಲೆ ಮತ್ತು ಫೋಟೋಗಳನ್ನಿಟ್ಟುಕೊಂಡು 2004ರಲ್ಲಿ ಬ್ಲೇರ್ ಮತ್ತು ಜೊತೆಗಾರರು ಮಾಡಿದ ಅಧ್ಯಯನದಲ್ಲಿ, ಅಪರಾಧ ಮತ್ತು ಹಿಂದಿನ ದಾಖಲೆ ಒಂದೇ ಇದ್ದಾಗ ಕರಿಯರು, ಬಿಳಿಯರು ಎಂಬ ಎರಡು ಗುಂಪುಗಳ ನಡುವೆ ವ್ಯತ್ಯಾಸ ಸಿಗಲಿಲ್ಲ. ಆದರೆ ಪ್ರತಿ ಗುಂಪಿನ ಒಳಗೇ, ಮುಖಲಕ್ಷಣ ಹೆಚ್ಚು ಆಫ್ರಿಕನ್ ಎನಿಸಿದವರಿಗೆ ಸುಮಾರು 7ರಿಂದ 8 ತಿಂಗಳು ಹೆಚ್ಚು ಶಿಕ್ಷೆ ಬಿದ್ದಿತ್ತು. 2006ರಲ್ಲಿ ಜೆನಿಫರ್ ಎಬರ್‌ಹಾರ್ಟ್ ಮತ್ತು ಸಂಗಡಿಗರು ಫಿಲಡೆಲ್ಫಿಯದ ಹಳೆಯ ಕೇಸುಗಳಿಂದ 44 ಕರಿಯ ಆರೋಪಿಗಳ ಫೋಟೋ ತೆಗೆದರು. ಎಲ್ಲವೂ ಕೊಲೆಯಾದವರು ಬಿಳಿಯರಾಗಿದ್ದ ಕೇಸುಗಳು. ಮುಖಲಕ್ಷಣ ಹೆಚ್ಚು ‘ಕರಿಯರ ಹಾಗೆ’ ಕಾಣುತ್ತಿದ್ದ ಅರ್ಧದಲ್ಲಿ 57.5 ಶೇಕಡ ಜನಕ್ಕೆ ಮರಣದಂಡನೆಯಾಗಿತ್ತು, ಇನ್ನರ್ಧದಲ್ಲಿ 24.4 ಶೇಕಡಕ್ಕೆ. ಸತ್ತವರೂ ಕರಿಯರೇ ಆಗಿದ್ದ ಕೇಸುಗಳಲ್ಲಿ ಈ ಅಂತರ ಕಾಣಲಿಲ್ಲ.

ಹೆಣ್ಣು ನೋಡಲು ಹೋದಾಗ ‘ಸ್ವಲ್ಪ ಕಪ್ಪು, ಆದ್ರೆ ಲಕ್ಷಣವಾಗಿದಾಳೆ’ ಅನ್ನುವ ಜನ ನಾವು. ಜಾಹೀರಾತಿನಲ್ಲಿ ‘ಗೋಧಿ ಬಣ್ಣ’ ಬರೆಸುವವರು. ಒಂದೇ ಜಾತಿಯೊಳಗೆ, ಒಂದೇ ಮನೆಯೊಳಗೆ ಬಣ್ಣದ ಏಣಿ ಇಟ್ಟುಕೊಂಡು ಬೆಳೆದ ಕಣ್ಣು ವಿಮಾನ ಹತ್ತಿದ ಕೂಡಲೇ ಬದಲಾಗುವುದಿಲ್ಲ. ಹಾಗಾಗಿ ಕರಿಯರು-ಬಿಳಿಯರ ಜಗಳ ನಮಗೆ ಸಂಬಂಧವಿಲ್ಲ, ನಾವು ಮಧ್ಯಸ್ಥರು ಎಂದುಕೊಂಡು ಜ್ಯೂರಿ ಕೋಣೆಗೆ ಹೋಗಬೇಡಿ. ಭಾರತದಲ್ಲಿ ಜ್ಯೂರಿ ಇದ್ದಾಗಲೂ ನಮ್ಮವರು ಮಧ್ಯಸ್ಥರಾಗಿರಲಿಲ್ಲ. 1959ರಲ್ಲಿ ಬಾಂಬೆಯಲ್ಲಿ ಕೊಲೆ ಆರೋಪ ಹೊತ್ತ ನೌಕಾಪಡೆಯ ಕಮಾಂಡರ್ ನಾನಾವತಿ ಬಿಳಿ ಸಮವಸ್ತ್ರ ತೊಟ್ಟು ಕೋರ್ಟಿಗೆ ಬರುತ್ತಿದ್ದರು; 9 ಜನರ ಜ್ಯೂರಿ 8-1ರಿಂದ ನಿರ್ದೋಷಿ ಎಂದಿತು. ಸೆಷನ್ಸ್ ಜಡ್ಜ್ ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಹೈಕೋರ್ಟು ಕೊಲೆಗಾರನೆಂದಿತು, 1961ರಲ್ಲಿ ಸುಪ್ರೀಂ ಕೋರ್ಟು ಅದನ್ನೇ ಎತ್ತಿಹಿಡಿಯಿತು. (ಅದೇ ದೇಶದ ಕೊನೆಯ ಜ್ಯೂರಿ ವಿಚಾರಣೆ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲ. ಪದ್ಧತಿ ಪೂರ್ತಿ ಹೋದದ್ದು 1973ರ ಹೊಸ ದಂಡ ಪ್ರಕ್ರಿಯಾ ಸಂಹಿತೆಯಿಂದ.)

ಇನ್ನು ಹಿನ್ನೆಲೆ. ಇಲ್ಲೇ ಹೆಚ್ಚಿನವರು ಎಡವುವುದು. ರೂಪಕ್ಕೂ ಹಿನ್ನೆಲೆಗೂ ಕಾನೂನಿನ ಕಣ್ಣಲ್ಲಿ ಅಜಗಜಾಂತರ ಇದೆ. ಆರೋಪಿಯ ಮುಖ ಶಿಕ್ಷೆಗೆ ಸಾಕ್ಷ್ಯವಲ್ಲ. ಆದರೆ ಟೆಕ್ಸಾಸ್‌ನಲ್ಲಿ ವಿಚಾರಣೆ ಎರಡು ಹಂತದ್ದು. ತಪ್ಪು ಸಾಬೀತಾದ ಮೇಲೆ ಅದೇ 12 ಜನ, ಬಹಳ ಸಲ ಅದೇ ದಿನ ಇಲ್ಲವೇ ಮರುದಿನ ಬೆಳಿಗ್ಗೆ, ಶಿಕ್ಷೆಯ ಹಂತಕ್ಕೆ ಕೂರುತ್ತಾರೆ. ಮೊದಲ ಹಂತದಲ್ಲಿ ಬಾಗಿಲ ಹೊರಗಿಟ್ಟಿದ್ದ ಸಂಗತಿಗಳು ಈಗ ಒಳಗೆ ಬರುತ್ತವೆ: ಹಿಂದಿನ ಶಿಕ್ಷೆಗಳು, ಊರಿನಲ್ಲಿ ಅವನ ಹೆಸರು ಹೇಗಿದೆ ಎಂಬ ಮಾತು, ನಡತೆಯ ಬಗ್ಗೆ ಅಭಿಪ್ರಾಯ, ಬೇರೆ ದುಷ್ಕೃತ್ಯಗಳು. ಕೊನೆಯದಕ್ಕೆ ಒಂದು ಷರತ್ತಿದೆ. ಕೇಸೇ ಆಗದ ಹಳೆಯ ಕೃತ್ಯವೊಂದನ್ನು ಪ್ರಾಸಿಕ್ಯೂಟರ್ (ಸರ್ಕಾರದ ಕಡೆಯ ವಕೀಲ) ಎತ್ತಿದರೆ, ಅದನ್ನು ಅವನೇ ಮಾಡಿದ್ದು ಎಂಬುದು ಸಂಶಯಾತೀತವಾಗಿ ನಿಮಗೆ ಮನವರಿಕೆಯಾಗದ ಹೊರತು ಅದನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಜಡ್ಜ್ ಕೊಡುವ ಲಿಖಿತ ಸೂಚನೆಯಲ್ಲಿ, ಅಂದರೆ ‘ಚಾರ್ಜ್’ನಲ್ಲಿ, ಇದು ಇರುತ್ತದೆ, ದಣಿದ ಜ್ಯೂರಿ ಅದನ್ನು ಓದದೆ ಹಾರಿಸುವುದೇ ಹೆಚ್ಚು.

ಡಿಫೆನ್ಸ್, ಅಂದರೆ ಆರೋಪಿಯ ಕಡೆಯಿಂದ ಬರುವುದು ಅದರ ಇನ್ನೊಂದು ಮಗ್ಗುಲು: ತಾಯಿ, ಶಾಲೆಯ ಮೇಷ್ಟ್ರು, ಚರ್ಚಿನ ಪಾಸ್ಟರ್, ಕೆಲವೊಮ್ಮೆ ಮನಶ್ಶಾಸ್ತ್ರಜ್ಞರು. ಬಾಲ್ಯದಲ್ಲಿ ತಿಂದ ಹೊಡೆತ, ಕುಡುಕ ಅಪ್ಪ, ಬಿಟ್ಟ ಶಾಲೆ, ತಲೆಗೆ ಬಿದ್ದ ಪೆಟ್ಟು. ಆಗ ನಮ್ಮ ಪೀಳಿಗೆಯವರ ಬಾಯಲ್ಲಿ ತಕ್ಷಣ ಬರುವ ಮಾತೊಂದಿದೆ: ‘ನಾವೂ ಬಡತನದಲ್ಲೇ ಬೆಳೆದ್ವಿ. ಬೀದಿ ದೀಪದಲ್ಲಿ ಓದಿದ್ವಿ. ನಾವೇನು ಕಳ್ಳತನಕ್ಕೆ ಹೋದ್ವಾ?’ ಹೋಗಲಿಲ್ಲ, ನಿಜ. ಆದರೆ ಪ್ರಶ್ನೆ ಅದಲ್ಲ. ತಪ್ಪು ಮಾಡಿದ್ದು ಆಗಲೇ ಸಾಬೀತಾಗಿದೆ. ಅವನನ್ನು ಕ್ಷಮಿಸಿ ಎಂದು ಯಾರೂ ಕೇಳುತ್ತಿಲ್ಲ. 5ರಿಂದ 99ರ ನಡುವೆ ಎಲ್ಲಿ ನಿಲ್ಲಬೇಕು ಎಂದು ಮಾತ್ರ ಕೇಳುತ್ತಿದ್ದಾರೆ. ಬಡತನ ಒಂದೇ ಇರಬಹುದು, ಆದರೆ ಫೀಸು ಕಟ್ಟಿದ ಸೋದರಮಾವ, ಊಟ ಹಾಕಿದ ಹಾಸ್ಟೆಲು, ಹೊಡೆಯದ ಅಪ್ಪ ಎಲ್ಲರಿಗೂ ಸಿಕ್ಕಿರುವುದಿಲ್ಲ. ಮರಣದಂಡನೆಯ ಕೇಸಿನಲ್ಲಂತೂ ಈ ಹಿನ್ನೆಲೆಯನ್ನು ತೂಗುವ ದಾರಿ ಜ್ಯೂರಿಗೆ ಇರಲೇಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು 1989ರಲ್ಲಿ, ಟೆಕ್ಸಾಸ್‌ನದೇ ಪೆನ್ರಿ ಎಂಬಾತನ ಕೇಸಿನಲ್ಲಿ ಹೇಳಿದೆ.

ಹಿನ್ನೆಲೆ ಹೇಗೆ ವಿಷವಾಗುತ್ತದೆ ಎಂಬುದಕ್ಕೂ ಉದಾಹರಣೆ ಹ್ಯೂಸ್ಟನ್‌ನದೇ. ಡುವೇನ್ ಬಕ್ ಎಂಬ ಕರಿಯ ಆರೋಪಿಗೆ 1997ರಲ್ಲಿ ಶಿಕ್ಷೆಯ ವಿಚಾರಣೆ. ಟೆಕ್ಸಾಸ್‌ನಲ್ಲಿ ಮರಣದಂಡನೆ ವಿಧಿಸಬೇಕಾದರೆ ಆರೋಪಿ ಮುಂದೆಯೂ ಹಿಂಸೆ ಮಾಡುವ ಸಂಭವ ಇದೆ ಎಂದು 12 ಜನವೂ ಒಪ್ಪಬೇಕು. ಸಾಕ್ಷಿಗೆ ಬಂದ ಮನಶ್ಶಾಸ್ತ್ರಜ್ಞ, ಕರಿಯನಾಗಿರುವುದು ಆ ಸಂಭವವನ್ನು ಹೆಚ್ಚಿಸುತ್ತದೆ ಎಂದ. ಅವನನ್ನು ಕರೆಸಿದ್ದು ಪ್ರಾಸಿಕ್ಯೂಟರ್ ಅಲ್ಲ, ಬಕ್‌ನ ಸ್ವಂತ ವಕೀಲರು! ಜ್ಯೂರಿ ಚರ್ಚೆಯ ನಡುವೆ ಆ ವರದಿಯನ್ನು ತರಿಸಿಕೊಂಡು ನೋಡಿತು, ಮರಣದಂಡನೆ ಕೊಟ್ಟಿತು. ಅದು ಸುಪ್ರೀಂ ಕೋರ್ಟಿನಲ್ಲಿ ಬಿದ್ದದ್ದು 2017ರಲ್ಲಿ, 6-2 ಬಹುಮತದಿಂದ. ಇಪ್ಪತ್ತು ವರ್ಷ. ತಜ್ಞರು ಹೇಳಿದರೆ ಅದು ವಿಜ್ಞಾನ ಎಂದು ತಲೆಯಾಡಿಸುವುದು ಓದಿದ ಜನರ ರೋಗ, ನಮ್ಮಲ್ಲಿ ಅದು ಸ್ವಲ್ಪ ಜಾಸ್ತಿಯೇ. ತಜ್ಞ ಹೇಳಿದ್ದು ಈ ಮನುಷ್ಯ ಮಾಡಿದ್ದರ ಬಗ್ಗೆಯೋ, ಇವನು ಹುಟ್ಟಿದ ಗುಂಪಿನ ಬಗ್ಗೆಯೋ? ಎರಡನೆಯದಾದರೆ ಪಕ್ಕಕ್ಕಿಡಿ.

ಕೋರ್ಟ್ ಹಾಲಿನಲ್ಲಿ ನಿಮ್ಮ ಕಣ್ಣಿಗೆ ಬೀಳುವುದನ್ನು ಎರಡೂ ಕಡೆಯವರು ಮೊದಲೇ ಯೋಚಿಸಿ ಜೋಡಿಸಿರುತ್ತಾರೆ. ಜೈಲಿನ ಬಟ್ಟೆಯಲ್ಲಿ ಆರೋಪಿಯನ್ನು ಬಲವಂತವಾಗಿ ಜ್ಯೂರಿಯ ಮುಂದೆ ಕೂರಿಸುವಂತಿಲ್ಲ ಎಂದು 1976ರಲ್ಲಿ ತೀರ್ಪಾಯಿತು. ಅದೂ ಹ್ಯೂಸ್ಟನ್‌ನಿಂದ ಹೋದ ಕೇಸೇ. (ಆ ಆರೋಪಿ ಜೈಲಿನ ಸಿಬ್ಬಂದಿಯ ಬಳಿ ಬೇರೆ ಬಟ್ಟೆ ಕೇಳಿದ್ದ, ಜಡ್ಜ್ ಮುಂದೆ ಆಕ್ಷೇಪಿಸಿರಲಿಲ್ಲ, ಆದ್ದರಿಂದ ನಿಯಮ ಗೆದ್ದಿತು, ಅವನು ಸೋತ.) 2005ರಲ್ಲಿ, ವಿಶೇಷ ಕಾರಣವಿಲ್ಲದೆ ಶಿಕ್ಷೆಯ ಹಂತದಲ್ಲೂ ಕಣ್ಣಿಗೆ ಕಾಣುವಂತೆ ಸಂಕೋಲೆ ತೊಡಿಸಬಾರದು ಎಂದಾಯಿತು. ಆದ್ದರಿಂದ ನಿಮ್ಮ ಮುಂದೆ ಕೂರುವವನು ಸೂಟು ಹಾಕಿರಬಹುದು. ಅದು ವಕೀಲರ ಕಚೇರಿಯ ಬೀರುವಿನಿಂದ ಬಂದದ್ದಿರಬಹುದು. ಹೆಗಲ ಬಳಿ ದೊಗಳೆಯಾಗಿದ್ದರೆ ಅದರಿಂದ ಏನನ್ನೂ ಊಹಿಸಬೇಡಿ. ಪವರ್ ಇಲ್ಲದ ಕನ್ನಡಕ ಹಾಕಿಸುವ ವಕೀಲರಿದ್ದಾರೆ, ಏಕೆಂದರೆ ಕನ್ನಡಕದವರು ಬುದ್ಧಿವಂತರು, ಕೈ ಎತ್ತುವವರಲ್ಲ ಎಂದು ಜನ ನಂಬುತ್ತಾರೆ. ಫ್ಲಾರಿಡದ ಒಂದು ಕೊಲೆ ಕೇಸಿನಲ್ಲಿ ಆರೋಪಿಯ ಮುಖ-ಕುತ್ತಿಗೆಯ ನಾಟ್ಸಿ ಹಚ್ಚೆಗಳನ್ನು ಮುಚ್ಚಲು ದಿನಾ ಮೇಕಪ್ ಮಾಡುವವರನ್ನು ಸರ್ಕಾರಿ ಖರ್ಚಿನಲ್ಲೇ ಕರೆಸಿದ್ದುಂಟು. ಜಪಾನಿನಲ್ಲಿ 2009ರಿಂದ 3 ಜಡ್ಜ್‌ಗಳ ಜೊತೆ 6 ಜನಸಾಮಾನ್ಯರು ಕೂತು ಶಿಕ್ಷೆಯನ್ನೂ ನಿಗದಿ ಮಾಡುತ್ತಾರೆ; ಅಲ್ಲಿ ಆರೋಪಿಗೆ ಕೊರಳಿಗೆ ಸಿಕ್ಕಿಸುವ ಟೈ, ಮುಂದಿನಿಂದ ಬೂಟಿನ ಹಾಗೆ ಕಾಣುವ ಚಪ್ಪಲಿ ಕೊಡುವ ಏರ್ಪಾಡು ಬಂತು. ನಿಜವಾದ ಟೈ, ಬೂಟು ಕೊಟ್ಟರೆ ನೇಣು ಹಾಕಿಕೊಂಡಾನು, ಓಡಿಯಾನು ಎಂಬ ಅಂಜಿಕೆ. ಜೈಲಿನ ಚಪ್ಪಲಿಯಲ್ಲೇ ಕೂರಿಸಿದರೆ ನೋಡುವವರು ಅಪರಾಧಿ ಎಂದೇ ಕಂಡಾರು ಎಂಬ ಅಂಜಿಕೆ. ಎರಡಕ್ಕೂ ನಡುವಿನ ದಾರಿ ಅದು. ಅಲ್ಲಿನ ಜನರಿಗೆ ಇಂಥದೇ ಅಪರಾಧಗಳಿಗೆ ಹಿಂದೆ ಬಿದ್ದ ಶಿಕ್ಷೆಗಳ ನಕ್ಷೆಯನ್ನೂ ತೋರಿಸುತ್ತಾರೆ. ಟೆಕ್ಸಾಸ್ ಜ್ಯೂರಿಗೆ ಆ ಭಾಗ್ಯವಿಲ್ಲ.

ಬಟ್ಟೆಗಿಂತ ಮೋಸ ಮಾಡುವುದು ಮುಖಭಾವ. ‘ಒಂದು ಹನಿ ಕಣ್ಣೀರು ಹಾಕಲಿಲ್ಲ, ಕಲ್ಲಿನ ಹಾಗೆ ಕೂತಿದ್ದ.’ ಮರಣದಂಡನೆ ಕೇಸುಗಳ 1,198 ಜ್ಯೂರಿ ಸದಸ್ಯರನ್ನು ಮಾತಾಡಿಸಿದ ‘ಕ್ಯಾಪಿಟಲ್ ಜ್ಯೂರಿ ಪ್ರಾಜೆಕ್ಟ್’ನಲ್ಲಿ ಪಶ್ಚಾತ್ತಾಪ ಕಂಡಿತೋ ಇಲ್ಲವೋ ಎಂಬುದು ಮತ್ತೆ ಮತ್ತೆ ಬಂದ ಮಾತು. ಸುಮಾರು ಅರ್ಧದಷ್ಟು ಜನ ಶಿಕ್ಷೆಯ ಸಾಕ್ಷ್ಯ ಶುರುವಾಗುವ ಮುಂಚೆಯೇ ಶಿಕ್ಷೆ ಏನೆಂದು ಮನಸ್ಸಿನಲ್ಲಿ ತೀರ್ಮಾನಿಸಿದ್ದರು ಎಂಬುದೂ ಅಲ್ಲೇ ಹೊರಬಿತ್ತು. ಆದರೆ ಆ ಕಲ್ಲುಮುಖಕ್ಕೆ ಎಷ್ಟು ಕಾರಣ ಇರಬಹುದು ನೋಡಿ. ‘ಏನೇ ಆದರೂ ಮುಖದಲ್ಲಿ ತೋರಿಸಬೇಡ’ ಎಂದು ವಕೀಲರೇ ಹೇಳಿರುತ್ತಾರೆ. ಜೈಲಿನಲ್ಲಿ ಕೊಡುವ ಮಾನಸಿಕ ಔಷಧಿಗಳಲ್ಲಿ ಕೆಲವು ಮುಖವನ್ನು ಮರಗಟ್ಟಿಸುತ್ತವೆ. 1992ರ ರಿಗಿನ್ಸ್ ಕೇಸು ಬಲವಂತದ ಔಷಧಿಯದೇ. ಸ್ಪ್ಯಾನಿಷ್ ಮಾತ್ರ ಬಲ್ಲ ಆರೋಪಿ ಹೆಡ್‌ಫೋನಿನಲ್ಲಿ ಅನುವಾದ ಕೇಳುತ್ತಿರುತ್ತಾನೆ. ಸಾಕ್ಷಿ ಅತ್ತಾಗ ಅವನ ಕಿವಿಯಲ್ಲಿ ಇನ್ನೂ ಹಿಂದಿನ ವಾಕ್ಯ ಓಡುತ್ತಿರುತ್ತದೆ. ಹಿರಿಯರ ಮುಂದೆ, ಅಧಿಕಾರಿಗಳ ಮುಂದೆ ತಲೆ ತಗ್ಗಿಸುವುದು ನಮ್ಮಲ್ಲಿ ಮರ್ಯಾದೆ. ಇಲ್ಲಿಯ ಜ್ಯೂರಿ ಕೋಣೆಯಲ್ಲಿ ಅದು ‘ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ, ಕಳ್ಳ’ ಆಗಿಬಿಡುತ್ತದೆ. ಆರೋಪಿ ಭಾರತೀಯನೋ, ವಿಯೆಟ್ನಾಮಿನವನೋ ಆಗಿದ್ದಾಗ ಇದನ್ನು ಉಳಿದ ಹನ್ನೊಂದು ಜನಕ್ಕೆ ಬಿಡಿಸಿ ಹೇಳಬಲ್ಲವರು ಆ ಕೋಣೆಯಲ್ಲಿ ನೀವೊಬ್ಬರೇ ಇರಬಹುದು.

ಮಾತಾಡದಿದ್ದರೆ? ಶಿಕ್ಷೆಯ ಹಂತದಲ್ಲೂ ಆರೋಪಿ ಸಾಕ್ಷಿ ಕಟ್ಟೆ ಏರಬೇಕಾಗಿಲ್ಲ, ಏರಲಿಲ್ಲ ಎಂಬುದನ್ನು ಅವನ ವಿರುದ್ಧ ಹಿಡಿಯುವಂತಿಲ್ಲ. ‘ಎದ್ದು ನಿಂತು ಒಂದು ಸಾರಿ ಕ್ಷಮೆ ಕೇಳಬಹುದಿತ್ತು’ ಎಂದು ಯಾರಾದರೂ ಅಂದರೆ ಚಾರ್ಜಿನ ಆ ಪ್ಯಾರಾ ಓದಿ ಹೇಳಿ. ಜಪಾನಿನ ಒಸಾಕಾದಲ್ಲಿ 2012ರಲ್ಲಿ ಆಸ್ಪರ್ಗರ್ (ಆಟಿಸಂನ ಒಂದು ಬಗೆ) ಲಕ್ಷಣವಿದ್ದ ಒಬ್ಬನಿಗೆ ಪ್ರಾಸಿಕ್ಯೂಟರ್ ಕೇಳಿದ್ದು 16 ವರ್ಷ, ಜನಸಾಮಾನ್ಯರು ಕೂತ ಪೀಠ ಕೊಟ್ಟದ್ದು 20. ಪಶ್ಚಾತ್ತಾಪ ಸಾಲದು, ಹೊರಗೆ ಇವನನ್ನು ನೋಡಿಕೊಳ್ಳುವವರಿಲ್ಲ ಎಂಬುದು ಕಾರಣ. ಮೇಲಿನ ಕೋರ್ಟು ಅದನ್ನು 14ಕ್ಕೆ ಇಳಿಸಿತು.

ಆರೋಪಿ ನಮ್ಮವನೇ ಆಗಿದ್ದರೆ ಮೃದುವಾಗುತ್ತೇವೆ ಎಂಬುದು ಅರ್ಧ ಸತ್ಯ. ಕೆರ್ ಮತ್ತು ಸಂಗಡಿಗರು 1995ರಲ್ಲಿ ತೋರಿಸಿದ್ದು ಇನ್ನೊಂದು ಅರ್ಧವನ್ನು: ಸಾಕ್ಷ್ಯ ದುರ್ಬಲವಾಗಿದ್ದಾಗ ಜನ ತಮ್ಮ ಗುಂಪಿನವನ ಕಡೆ ವಾಲುತ್ತಾರೆ, ಸಾಕ್ಷ್ಯ ಗಟ್ಟಿಯಾಗಿದ್ದರೆ ಪರರಿಗಿಂತ ಬಿಗಿಯಾಗುವುದೂ ಉಂಟು. ‘ನಮ್ಮ ಮಾನ ಕಳೆದ’ ಎಂಬ ಸಿಟ್ಟು. ಶಿಕ್ಷೆಯ ಹಂತಕ್ಕೆ ಬರುವ ಹೊತ್ತಿಗೆ ಸಾಕ್ಷ್ಯ ಗಟ್ಟಿಯಾಗಿಯೇ ಇರುತ್ತದೆ ಎಂಬುದನ್ನು ನೆನಪಿಡಿ. ಮಾನದ ಲೆಕ್ಕ ಚಾರ್ಜಿನಲ್ಲಿ ಎಲ್ಲೂ ಇಲ್ಲ.

ಈಗ ಕೆಲಸದ ಮಾತು, ಆಯ್ಕೆಯ ದಿನದಿಂದ. ಫೆಲನಿ ಕೇಸಾದರೆ ಹಲವು ಹತ್ತು ಜನರನ್ನು ಹಾಲಿನಲ್ಲಿ ಕೂರಿಸಿ ಎರಡೂ ಕಡೆಯ ವಕೀಲರು ಪ್ರಶ್ನೆ ಕೇಳುತ್ತಾರೆ. ಟೆಕ್ಸಾಸ್‌ನಲ್ಲಿ ತಪ್ಪದೆ ಬರುವ ಪ್ರಶ್ನೆ: ‘ಶಿಕ್ಷೆಯ ಪೂರ್ತಿ ವ್ಯಾಪ್ತಿಯನ್ನು ಪರಿಗಣಿಸಬಲ್ಲಿರಾ?’ ಅಂದರೆ ಸರಿಯಾದ ಸಂಗತಿಗಳಿದ್ದರೆ ಕನಿಷ್ಠವನ್ನೂ, ಸರಿಯಾದ ಸಂಗತಿಗಳಿದ್ದರೆ ಗರಿಷ್ಠವನ್ನೂ ಕೊಡಲು ಮನಸ್ಸು ತೆರೆದಿದೆಯೇ ಎಂದು. ದರೋಡೆಗೆ ಪ್ರೊಬೇಶನ್ (ಜೈಲಿನ ಬದಲು ಹೊರಗೇ ನಿಗಾದಲ್ಲಿಡುವುದು) ಕೊಡುವುದು ನಿಮ್ಮಿಂದ ಸಾಧ್ಯವೇ ಇಲ್ಲ ಅನಿಸಿದರೆ ಹಾಗೆಂದೇ ಹೇಳಿ. ನಿಮ್ಮನ್ನು ಬಿಟ್ಟುಬಿಡುತ್ತಾರೆ, ಅವಮಾನವೇನಲ್ಲ. ಸಭ್ಯತೆಗೆ ‘ಎಸ್’ ಅಂದು ಕೂತು ಒಳಗೆ ಹಟ ಹಿಡಿಯುವುದೇ ತಪ್ಪು. ನಿಮ್ಮ ರೂಪವನ್ನೂ ಅಲ್ಲಿ ಅಳೆಯುತ್ತಿರುತ್ತಾರೆ. ಮರಣದಂಡನೆಯ ಪ್ರಕರಣ ಬಿಟ್ಟರೆ, ಫೆಲನಿಯಲ್ಲಿ ಪ್ರತಿ ಕಡೆಗೂ ಕಾರಣ ಹೇಳದೆ 10 ಜನರನ್ನು ಪಟ್ಟಿಯಿಂದ ಕೈಬಿಡುವ ಹಕ್ಕಿದೆ. ಜನಾಂಗ ನೋಡಿ ಕೈಬಿಡಬಾರದು ಎಂದು 1986ರಿಂದ ಕಾನೂನಿದ್ದರೂ, ಡಲ್ಲಾಸ್ ಕೌಂಟಿಯ ಮಿಲ್ಲರ್-ಎಲ್ ಕೇಸಿನಲ್ಲಿ ಅದು ಹೇಗೆಲ್ಲ ನಡೆದಿತ್ತೆಂದು 2005ರಲ್ಲಿ ಸುಪ್ರೀಂ ಕೋರ್ಟೇ ಎಳೆಎಳೆಯಾಗಿ ಬಿಡಿಸಿದೆ.

ಆಯ್ಕೆಯಾದ ಮೇಲೆ ಮೊದಲ ನಿಯಮ: ಆರೋಪಿಯ ಹೆಸರನ್ನು ಗೂಗಲ್ ಮಾಡಬೇಡಿ. ಸಿಗುವ ಮೊದಲ ಚಿತ್ರವೇ ಬಂಧನದ ರಾತ್ರಿ ತೆಗೆದ ಮಗ್‌ಶಾಟ್: ಕೆದರಿದ ಕೂದಲು, ಊದಿದ ಕಣ್ಣು. ಕೋರ್ಟು ಜೈಲಿನ ಬಟ್ಟೆ ಬಿಡಿಸಿ ಕೂರಿಸಿದ್ದೆಲ್ಲ ಆ ಒಂದು ಚಿತ್ರದಿಂದ ನೀರುಪಾಲು. ನಿಮ್ಮಿಂದ ಇಡೀ ವಿಚಾರಣೆಯೇ ರದ್ದಾಗಬಹುದು ಎಂಬುದು ಬೇರೆ.

ಜ್ಯೂರಿ ಕೋಣೆಯಲ್ಲಿ ಬಾಗಿಲು ಹಾಕಿದ ಮೇಲೆ ಆಗುವ ದೊಡ್ಡ ತಪ್ಪು, ಕೂತ ತಕ್ಷಣ ‘ಯಾರ್ಯಾರಿಗೆ ಎಷ್ಟು ಅನ್ನಿಸುತ್ತೆ?’ ಎಂದು ಸುತ್ತು ಹಾಕುವುದು. ಸಂಖ್ಯೆ ಬಾಯಿಂದ ಹೊರಬಿದ್ದ ಮೇಲೆ ಜನ ಅದಕ್ಕೆ ಜೋತುಬೀಳುತ್ತಾರೆ, ಉಳಿದ ಚರ್ಚೆ ಅದರ ಸಮರ್ಥನೆ. ಪ್ರಾಸಿಕ್ಯೂಟರ್ 60 ಕೇಳಿದ್ದರೆ, ಡಿಫೆನ್ಸ್ 10 ಅಂದಿದ್ದರೆ, ಎಲ್ಲರ ತಲೆ ಆ ಎರಡರ ನಡುವೆಯೇ ಓಡುತ್ತದೆ. ಕಾನೂನಿನ ವ್ಯಾಪ್ತಿ ಅದಲ್ಲ. ಆದ್ದರಿಂದ ಫೋರ್‌ಪರ್ಸನ್‌ಗೆ (ಜ್ಯೂರಿಯ ಮುಖ್ಯಸ್ಥರಿಗೆ) ಹೇಳಿ, ಮೊದಲು ಚಾರ್ಜನ್ನು ಗಟ್ಟಿಯಾಗಿ ಪೂರ್ತಿ ಓದಿಸಿ. ಆಮೇಲೆ ಪ್ರತಿಯೊಬ್ಬರೂ ಒಂದು ಹಾಳೆಯಲ್ಲಿ ಶಿಕ್ಷೆ ಏರಿಸುವ ಸಂಗತಿಗಳು, ಇಳಿಸುವ ಸಂಗತಿಗಳು ಎಂದು ಬರೆಯಲಿ; ಪ್ರತಿಯೊಂದರ ಮುಂದೆ ಅದನ್ನು ಯಾವ ಸಾಕ್ಷಿ ಹೇಳಿದರು, ಯಾವ ಎಕ್ಸಿಬಿಟ್‌ನಲ್ಲಿದೆ (ಸಾಕ್ಷ್ಯವಾಗಿ ಕೊಟ್ಟ ದಾಖಲೆ ಅಥವಾ ವಸ್ತು) ಎಂದು ಬರೆಯಲಿ. ಸಾಕ್ಷಿಯ ಹೆಸರು ಬರೆಯಲಾಗದ ಸಾಲು ಬಂದರೆ, ‘ನೋಡಿದ್ರೆ ಗೊತ್ತಾಗುತ್ತೆ’ ಎಂಬಂಥದು, ಅದನ್ನು ಹೊಡೆದುಹಾಕಿ. ಸಾಕ್ಷಿ ಏನೆಂದರು ಎಂಬುದರಲ್ಲೇ ಜಗಳ ಬಂದರೆ ಜಡ್ಜ್‌ಗೆ ಚೀಟಿ ಬರೆದು ಆ ಭಾಗವನ್ನು ಓದಿಸಿಕೊಳ್ಳಬಹುದು. ಆದರೆ ಇಂಥ ಸಾಕ್ಷಿಯ ಇಂಥ ಮಾತಿನ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯ ಇದೆ ಎಂದು ಸ್ಪಷ್ಟವಾಗಿ ಬರೆಯಬೇಕು. ‘ಇನ್ನೊಂದು ಸಲ ಕೇಳಬೇಕು’ ಅಂದರೆ ಚೀಟಿ ಹಾಗೇ ಮರಳುತ್ತದೆ.

ಹಾಳೆ ತುಂಬಿದ ಮೇಲೆ ಆರೋಪಿಯನ್ನು ಬದಲಿಸಿ ನೋಡಿ. ಇದೇ ಕೃತ್ಯ, ಇದೇ ಹಿಂದಿನ ದಾಖಲೆ. ಕುರ್ಚಿಯಲ್ಲಿ ಪ್ಲೇನೊದ ಸಾಫ್ಟ್‌ವೇರ್ ಎಂಜಿನಿಯರ ಮಗ, ಇಸ್ತ್ರಿ ಮಾಡಿದ ಶರ್ಟು, ಪಕ್ಕದಲ್ಲಿ ಸೀರೆಯುಟ್ಟ ತಾಯಿ. ನಿಮ್ಮ ಸಂಖ್ಯೆ ಜರುಗಿತೇ? ಜರುಗಿದ್ದರೆ ಆ ಅಂತರವನ್ನು ಇಟ್ಟದ್ದು ಸಾಕ್ಷ್ಯವಲ್ಲ.

ಇನ್ನು ಸಂಖ್ಯೆಗೆ ಬರಬಹುದು. ಹನ್ನೆರಡೂ ಜನರ ಸಂಖ್ಯೆ ಕೂಡಿಸಿ 12ರಿಂದ ಭಾಗಿಸಿ, ಬಂದದ್ದಕ್ಕೆ ಎಲ್ಲರೂ ಬದ್ಧ ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳುವುದು ನಿಷಿದ್ಧ. ಆ ತೀರ್ಪು ರದ್ದಾಗಬಹುದು. ಸರಾಸರಿ ನೋಡಿ ಅಲ್ಲಿಂದ ಚರ್ಚೆ ಮುಂದುವರಿಸುವುದಕ್ಕೆ ಅಡ್ಡಿಯಿಲ್ಲ. ಪೆರೋಲ್ (ಅವಧಿಗೆ ಮುಂಚೆ ಷರತ್ತಿನ ಬಿಡುಗಡೆ) ಬಗ್ಗೆ ಚಾರ್ಜಿನಲ್ಲಿ ಒಂದು ಪ್ಯಾರಾ ಇರುತ್ತದೆ: ಗಂಭೀರ ಅಪರಾಧಗಳಲ್ಲಿ ಅರ್ಧ ಶಿಕ್ಷೆ ಅಥವಾ 30 ವರ್ಷ, ಯಾವುದು ಕಡಿಮೆಯೋ ಅಷ್ಟು ಕಳೆದ ಮೇಲೆ ಅರ್ಹತೆ ಎಂದು. ಪದ್ಧತಿ ಇದೆ ಎಂದು ತಿಳಿದಿರಬಹುದು, ಈ ಆರೋಪಿಗೆ ಅದು ಹೇಗೆ ಅನ್ವಯಿಸೀತು ಎಂದು ಲೆಕ್ಕ ಹಾಕುವಂತಿಲ್ಲ. ‘20 ಕೊಟ್ಟರೆ 10ಕ್ಕೆ ಬಿಡ್ತಾರೆ, ಅದಕ್ಕೆ 40 ಕೊಡೋಣ’ ಎಂಬ ಮಾತು ಎದ್ದರೆ ಅಲ್ಲೇ ನಿಲ್ಲಿಸಿ. ಪ್ರೊಬೇಶನ್ ಶಿಫಾರಸು ಮಾಡಬೇಕಾದರೆ ಶಿಕ್ಷೆ 10 ವರ್ಷ ಮೀರಿರಬಾರದು, ಆರೋಪಿಗೆ ಹಿಂದೆ ಫೆಲನಿ ಶಿಕ್ಷೆ ಆಗಿರಬಾರದು. ಕೊಲೆಗೆ ಅದಿಲ್ಲ.

ಕೋಣೆಯಲ್ಲಿ ಯಾರಾದರೂ ‘ಆ ಜನ ಇರೋದೇ ಹಾಗೆ’ ಅಂದರೆ? ನಮ್ಮ ಅಭ್ಯಾಸ ನೆಲ ನೋಡುವುದು. ಬೇಡ. ಮಾತು ಯಾವ ಸಾಕ್ಷ್ಯದ ಮೇಲೆ ನಿಂತಿದೆ ಎಂದು ಕೇಳಿ, ಮುಂದುವರಿದರೆ ಜಡ್ಜ್‌ಗೆ ಚೀಟಿ ಕಳಿಸಿ. ಜ್ಯೂರಿ ಕೋಣೆಯ ಮಾತು ಗುಟ್ಟಾಗಿರಬೇಕು ಎಂಬ ನಿಯಮ ಬಲವಾದದ್ದೇ, ಆದರೆ 2017ರ ಪೆನ್ಯ-ರಾಡ್ರಿಗಸ್ ತೀರ್ಪು ಅದಕ್ಕೊಂದು ಕಿಂಡಿ ತೆರೆಯಿತು: ಒಬ್ಬ ಸದಸ್ಯ ಜನಾಂಗದ್ವೇಷದಿಂದಲೇ ತೀರ್ಮಾನಕ್ಕೆ ಬಂದೆ ಎಂದು ಸ್ಪಷ್ಟವಾಗಿ ಆಡಿ ತೋರಿಸಿದ್ದರೆ ತೀರ್ಪಿನ ನಂತರವೂ ಕೋರ್ಟು ಅದನ್ನು ಪರಿಶೀಲಿಸಬಹುದು. ಆ ಕೇಸು ಬೆಳಕಿಗೆ ಬಂದದ್ದು ಅದೇ ಜ್ಯೂರಿಯ ಇಬ್ಬರು ಬಾಯಿಬಿಟ್ಟದ್ದರಿಂದ. ನೀವು ಅಲ್ಲಿ ಸುಮ್ಮನೆ ಕೂತಿದ್ದರೂ ಕೋಣೆ ಸ್ವಲ್ಪ ಬದಲಾಗುತ್ತದೆ ಎಂಬುದಕ್ಕೆ ಸಾಮ್ಯುಯೆಲ್ ಸಾಮರ್ಸ್ ಅವರ 2006ರ ಪ್ರಯೋಗವಿದೆ. ಆರಕ್ಕೆ ಆರೂ ಬಿಳಿಯರಿದ್ದ ಅಣಕು ಜ್ಯೂರಿಗಳು ಸರಾಸರಿ 38 ನಿಮಿಷ ಚರ್ಚಿಸಿದವು, ಇಬ್ಬರು ಕರಿಯರಿದ್ದವು ಸುಮಾರು 50 ನಿಮಿಷ. ಎರಡನೆಯವುಗಳಲ್ಲಿ ಬಿಳಿಯರೂ ಹೆಚ್ಚು ಸಂಗತಿಗಳನ್ನು ಎತ್ತಿದರು, ತಪ್ಪು ಹೇಳಿದ್ದು ಕಡಿಮೆ.

ಸಮನ್ಸ್ ಬಗ್ಗೆ ಎರಡು ಎಚ್ಚರಿಕೆ ಉಳಿದಿವೆ. ಹೆಸರುಗಳನ್ನು ಮತದಾರರ ಪಟ್ಟಿಯಿಂದ ಮಾತ್ರವಲ್ಲ, ಡ್ರೈವಿಂಗ್ ಲೈಸೆನ್ಸ್ ಪಟ್ಟಿಯಿಂದಲೂ ಎತ್ತುವುದರಿಂದ ಗ್ರೀನ್ ಕಾರ್ಡ್‌ನವರಿಗೂ ಎಚ್-1ಬಿಯವರಿಗೂ ಕಾಗದ ಬರುತ್ತದೆ. ಪೌರರಲ್ಲ ಎಂದು ಗುರುತು ಹಾಕಿ ವಾಪಸು ಕಳಿಸಿ. ತಿಳಿಯದೆ ‘ಪೌರ’ ಎಂದು ಸಹಿ ಮಾಡಿದರೆ ಮುಂದೆ ಪೌರತ್ವಕ್ಕೇ ಕುತ್ತು ಬರಬಹುದು. ಪೌರತ್ವ ಪಡೆದವರು ತಪ್ಪಿಸಿಕೊಳ್ಳಲು ಅದೇ ಗುರುತು ಹಾಕಿದರೆ ಆ ಹೆಸರು ಮತದಾರರ ನೋಂದಣಿ ಅಧಿಕಾರಿಗೆ ಹೋಗುತ್ತದೆ, ಓಟಿನ ಹಕ್ಕಿಗೆ ವಿವರಣೆ ಕೊಡಬೇಕಾಗುತ್ತದೆ. ಮಿಕ್ಕಂತೆ, ಜ್ಯೂರಿಗೆ ಹೋದಿರಿ ಎಂದು ಖಾಯಂ ನೌಕರರನ್ನು ಕಂಪನಿ ಕೆಲಸದಿಂದ ತೆಗೆಯುವಂತಿಲ್ಲ. 2023ರ ಸೆಪ್ಟೆಂಬರ್‌ನಿಂದ ಮೊದಲ ದಿನಕ್ಕೆ ಕನಿಷ್ಠ 20 ಡಾಲರ್, ಎರಡನೆಯ ದಿನದಿಂದ ದಿನಕ್ಕೆ 58 ಡಾಲರ್ ಭತ್ಯೆ ಕೊಡುತ್ತಾರೆ. ಪಾರ್ಕಿಂಗ್ ವ್ಯವಸ್ಥೆ ಕೌಂಟಿಯಿಂದ ಕೌಂಟಿಗೆ ಬೇರೆ. ಸಮನ್ಸ್‌ನ ಹಿಂಬದಿ ನೋಡಿ.

ಇಂತಿ,
ಟೆಕ್ಸಾಸ್ ಕೋರ್ಟುಗಳಲ್ಲಿ ಶಿಕ್ಷೆಯ ಹಂತದ ಕೆಲಸ ಬಲ್ಲ ಕೆಲವು ಕನ್ನಡಿಗರು